ಕಿಂಡರ್ ಗುಡ್ಡದ ದಾರಿ ಯಾರದು?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಿಂದ ಆಗ್ನೇಯಕ್ಕೆ ಹದಿನೈದು ಮೈಲಿನ ಆಸುಪಾಸಿನಲ್ಲಿ ಹೇಫೀಲ್ಡ್ ಎಂಬ ಹಳ್ಳಿಯಿದೆ. ಬೆಳಿಗ್ಗೆ ತಿಂಡಿ ಮುಗಿಸಿ ಅಲ್ಲಿಂದ ಹೊರಟರೆ ಗುಡ್ಡ ಹತ್ತಿ, ಜಲಪಾತ ನೋಡಿ, ಇನ್ನೊಂದು ದಾರಿಯಲ್ಲಿ ಇಳಿದು, ಸಂಜೆಯ ಚಹಾದ ಹೊತ್ತಿಗೆ ಮತ್ತೆ ಹಳ್ಳಿ ಸೇರಬಹುದು. ಒಟ್ಟು ದಾರಿ ಸುಮಾರು 9 ಮೈಲು. ಊರಾಚೆ ಬೌಡನ್ ಬ್ರಿಜ್ ಎಂಬಲ್ಲಿ ಒಂದು ಹಳೆಯ ಕಲ್ಲುಗಣಿ ಸಿಗುತ್ತದೆ. ಅದನ್ನು ದಾಟಿ ಮೇಲೇರಿದರೆ 1912ರಲ್ಲಿ ಕಟ್ಟಿ ಮುಗಿಸಿದ ಕಿಂಡರ್ ಜಲಾಶಯ. ಅದರ ದಂಡೆಯ ಮೇಲಿನ ಇಳಿಜಾರಿನಲ್ಲಿ ಸಾಗಿ, ವಿಲಿಯಂ ಕ್ಲಫ್ ಎಂಬ ಕಿರಿದಾದ ಕಣಿವೆಯಲ್ಲಿ ತೊರೆಯ ಜೊತೆಜೊತೆಗೇ ಏರಬೇಕು. ಕಡಿದಾದ ತೊರೆಕಣಿವೆಗೆ ಆ ಸೀಮೆಯವರು ಕ್ಲಫ್ ಎನ್ನುತ್ತಾರೆ. ಕಣಿವೆ ಮುಗಿದಲ್ಲಿ ಗುಡ್ಡದ ಹೆಗಲು. ಅಲ್ಲಿಂದ ಬಲಕ್ಕೆ ತಿರುಗಿ ಕಷ್ಟದ ಏರೊಂದನ್ನು ಹತ್ತಿದರೆ ಕಿಂಡರ್ ಸ್ಕೌಟ್ ಎಂಬ ಪ್ರಸ್ಥಭೂಮಿಯ ಅಂಚು. ಆ ಅಂಚಿನ ಮೇಲೆಯೇ ಮುಂದಿನ ನಡಿಗೆ. ಒಂದು ಕಡೆ ಕಣ್ಣಿಗೆ ಎಟುಕುವಷ್ಟು ದೂರ ಕಪ್ಪು ಜವುಗುನೆಲ, ಇನ್ನೊಂದು ಕಡೆ ಕೆಳಗೆ ಜಲಾಶಯ, ಅದರಾಚೆ ಹಸಿರು ಗುಡ್ಡಗಳ ಸಾಲು. ಮೋಡವಿಲ್ಲದ ದಿನ ಮ್ಯಾಂಚೆಸ್ಟರಿನ ಎತ್ತರದ ಕಟ್ಟಡಗಳು ಕಾಣುತ್ತವೆ. ಆಕಾಶ ತೀರಾ ತಿಳಿಯಾಗಿದ್ದರೆ ವೇಲ್ಸ್ ನಾಡಿನ ಪರ್ವತಗಳೂ ಕಾಣುತ್ತವೆ.

ಈ ಅಂಚಿನಲ್ಲೇ ಕಿಂಡರ್ ಡೌನ್‌ಫಾಲ್ ಎಂಬ ಜಲಪಾತವಿದೆ. ಎತ್ತರ ನೂರು ಅಡಿಗೆ ಕೊಂಚ ಕಡಿಮೆ. 830 ಅಡಿಯ ಜೋಗವನ್ನು ಕಂಡವರಿಗೆ ಇದೊಂದು ಮಕ್ಕಳಾಟ ಅನ್ನಿಸೀತು. ಗುಡ್ಡದ ಎತ್ತರವೂ 2,087 ಅಡಿ ಅಷ್ಟೆ. ನಮ್ಮ ಮುಳ್ಳಯ್ಯನಗಿರಿಯ ಮೂರನೆಯ ಒಂದು ಪಾಲು. ಆದರೆ ಡೌನ್‌ಫಾಲ್‌ಗೆ ಜೋಗಕ್ಕಿಲ್ಲದ ಒಂದು ಹುಚ್ಚು ಇದೆ. ಪಶ್ಚಿಮದಿಂದ ಬಿರುಗಾಳಿ ಬೀಸಿದಾಗ ಅದು ಬಂಡೆಗಳ ಇಕ್ಕಟ್ಟಿಗೆ ನುಗ್ಗಿ, ಕೆಳಗೆ ಬೀಳಬೇಕಾದ ನೀರನ್ನು ಮೇಲಕ್ಕೇ ಎತ್ತಿ ತೂರುತ್ತದೆ. ಗುಡ್ಡದ ತಲೆಯಿಂದ ಹೊಗೆ ಏಳುತ್ತಿರುವಂತೆ ಅದು ಮೈಲುಗಟ್ಟಲೆ ದೂರಕ್ಕೆ ಕಾಣುತ್ತದೆ. ಕಡುಚಳಿಯಲ್ಲಿ ಜಲಪಾತ ಹೆಪ್ಪುಗಟ್ಟಿ ನಿಲ್ಲುವುದೂ ಉಂಟು. ಜಲಪಾತದ ಕೆಳಗಿನ ಇಳಿಜಾರಿನಲ್ಲಿ ಮತ್ಸ್ಯಕನ್ಯೆಯ ಹೊಂಡ ಎಂಬ ಸಣ್ಣ ನೀರಗುಂಡಿಯಿದೆ. ಈಸ್ಟರ್ ಹಬ್ಬದ ಹಿಂದಿನ ನಡುರಾತ್ರಿ ಅದರಲ್ಲಿ ಮತ್ಸ್ಯಕನ್ಯೆಯನ್ನು ಕಂಡವನು ಚಿರಂಜೀವಿಯಾಗುತ್ತಾನೆಂದು ಹಳ್ಳಿಗರ ಕಥೆ.

ಇಂಗ್ಲೆಂಡಿನಲ್ಲಿ ಇದಕ್ಕಿಂತ ಚೆಲುವಾದ ನಡಿಗೆಯ ದಾರಿಗಳು ಬೇಕಾದಷ್ಟಿವೆ. ಆದರೂ ಈ ಒಂದು ದಾರಿ ಚರಿತ್ರೆಯ ಪುಸ್ತಕ ಸೇರಿತು. ಕಾರಣವಿಷ್ಟೆ: ತೊಂಬತ್ತು ವರ್ಷಗಳ ಕೆಳಗೆ ಈ ಗುಡ್ಡದಲ್ಲಿ ಕಾಲುದಾರಿ ಬಿಟ್ಟು ಆಚೆ ಹೆಜ್ಜೆಯಿಟ್ಟವರು ಜೈಲಿಗೆ ಹೋದರು.

ಗುಡ್ಡಕ್ಕೆ ಬೇಲಿ ಬಿದ್ದ ಕಥೆಯನ್ನು ಮೊದಲು ಹೇಳಬೇಕು. ಇಂಥ ಎತ್ತರದ, ಮರವಿಲ್ಲದ, ಬೇಸಾಯಕ್ಕೆ ಬಾರದ ಜವುಗುನೆಲಕ್ಕೆ ಇಂಗ್ಲಿಷರು ಮೂರ್ ಎನ್ನುತ್ತಾರೆ. ಶತಮಾನಗಳ ಕಾಲ ಇವು ನಮ್ಮ ಗೋಮಾಳಗಳಂತೆ ಇದ್ದವು. ಒಡೆತನ ದೊರೆಯದೋ ಜಹಗೀರುದಾರನದೋ ಇರಬಹುದು, ಆದರೆ ಸುತ್ತಲಿನ ಹಳ್ಳಿಯವರು ಅಲ್ಲಿ ದನ ಕುರಿ ಮೇಯಿಸುತ್ತಿದ್ದರು, ಒಲೆಗೆ ಉರುವಲು ತರುತ್ತಿದ್ದರು. 18 ಮತ್ತು 19ನೇ ಶತಮಾನಗಳಲ್ಲಿ ಪಾರ್ಲಿಮೆಂಟು ಒಂದರ ಮೇಲೊಂದರಂತೆ ಸಾವಿರಾರು ಕಾಯ್ದೆಗಳನ್ನು ಮಾಡಿ ಇಂಥ ನೆಲವನ್ನು ಅಳೆಸಿ, ಗಡಿಕಲ್ಲು ನೆಟ್ಟು, ಖಾಸಗಿ ಸೊತ್ತಾಗಿ ಹಂಚಿತು. ಈಗಾಗಲೇ ನೆಲವುಳ್ಳವನಿಗೆ ಹೆಚ್ಚು ನೆಲ ಸಿಕ್ಕಿತು. ಇಲ್ಲದವನಿಗೆ ಮೇಯಿಸುವ ಹಕ್ಕೂ ಹೋಯಿತು. ಕಿಂಡರ್ ಗುಡ್ಡವೂ 1830ರ ದಶಕದಲ್ಲಿ ಹೀಗೆಯೇ ಸುತ್ತಲಿನ ಭೂಮಾಲೀಕರ ಪಾಲಾಯಿತು.

ಬೆಳೆಯದ ಗುಡ್ಡದಿಂದ ಭೂಮಾಲೀಕರಿಗೆ ಏನು ಲಾಭ? ಉತ್ತರ ಒಂದು ಹಕ್ಕಿಯಲ್ಲಿದೆ. ಗ್ರೌಸ್ ಎಂಬ ಈ ಹಕ್ಕಿ ನಮ್ಮ ಗೌಜಲಹಕ್ಕಿಗೆ ದೂರದ ನೆಂಟ. ಮೂರ್‌ಗಳಲ್ಲಿ ಬೆಳೆಯುವ ಹೆದರ್ ಎಂಬ ಕುರುಚಲು ಗಿಡದ ಎಳೆಚಿಗುರೇ ಅದರ ಆಹಾರ. 1831ರ ಬೇಟೆ ಕಾಯ್ದೆ ಗ್ರೌಸ್ ಬೇಟೆಗೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಗಡುವು ಹಾಕಿತು. ರೈಲು ಬಂದಮೇಲೆ ಲಂಡನ್ನಿನ ಶ್ರೀಮಂತರು ರಾತ್ರಿ ಬೆಳಗಾಗುವುದರೊಳಗೆ ಬೇಟೆಯ ತಾಣ ತಲುಪುವಂತಾಯಿತು. ಆಗಸ್ಟ್ 12 ಬೇಟೆಪ್ರಿಯರ ಹಬ್ಬದ ದಿನವಾಯಿತು. ವರ್ಷದ ಉಳಿದ ದಿನ ಹಕ್ಕಿ ಬೆದರದಂತೆ, ಮೊಟ್ಟೆ ಒಡೆಯದಂತೆ ನೋಡಿಕೊಳ್ಳಲು ದೊಣ್ಣೆ ಹಿಡಿದ ಕಾವಲುಗಾರರು ಬಂದರು. ವರ್ಷಕ್ಕೆ ಕೆಲವೇ ದಿನ ಕೆಲವೇ ಜನ ಬಂದೂಕು ಹಾರಿಸುವ ಸಲುವಾಗಿ ಗುಡ್ಡ ವರ್ಷವಿಡೀ ಮುಚ್ಚಿತು.

ಮುಚ್ಚಿದ್ದು ಯಾರ ಪಾಲಿಗೆ ಎಂಬುದು ಇಲ್ಲಿ ಮುಖ್ಯ. ಕಿಂಡರ್‌ನ ಒಂದು ಮಗ್ಗುಲಿಗೆ ಹತ್ತಿ ಗಿರಣಿಗಳ ಮ್ಯಾಂಚೆಸ್ಟರ್, ಇನ್ನೊಂದು ಮಗ್ಗುಲಿಗೆ ಉಕ್ಕಿನ ಕುಲುಮೆಗಳ ಷೆಫೀಲ್ಡ್. ಹೊಗೆಯಲ್ಲಿ ಮುಳುಗಿದ ಈ ಎರಡು ನಗರಗಳ ಲಕ್ಷಾಂತರ ಕೂಲಿಗಳಿಗೆ ಕಣ್ಣೆತ್ತಿದರೆ ಕಾಣುತ್ತಿದ್ದುದು ಇದೇ ಗುಡ್ಡಸಾಲು. 1850ರ ಕಾರ್ಖಾನೆ ಕಾಯ್ದೆ ಹೆಂಗಸರಿಗೂ ಹುಡುಗರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಕೆಲಸವಿಲ್ಲ ಎಂದಿತು. ಅವರಿಲ್ಲದೆ ಗಿರಣಿ ನಡೆಯದಾದ್ದರಿಂದ ಗಂಡಸರಿಗೂ ಬಿಡುವು ಸಿಕ್ಕಿತು. ಬಿಡುವು, ಅಗ್ಗದ ರೈಲು ಟಿಕೆಟ್ಟು, ಒಂದು ಜೊತೆ ಗಟ್ಟಿ ಬೂಟು: ಇಷ್ಟಿದ್ದರೆ ಭಾನುವಾರ ಒಂದು ದಿನ ಎದೆತುಂಬ ಉಸಿರೆಳೆಯಬಹುದಿತ್ತು. ಕಾಲುದಾರಿ ಸಂರಕ್ಷಣೆಗೆಂದೇ 1826ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘವೊಂದು ಹುಟ್ಟಿತ್ತು ಎಂಬುದನ್ನು ನೋಡಿದರೆ ಈ ಹಸಿವು ಎಷ್ಟು ಹಳೆಯದೆಂದು ತಿಳಿಯುತ್ತದೆ.

ಈ ಗಿರಣಿಗಳ ಕಥೆ ಕನ್ನಡ ನಾಡಿಗೆ ದೂರದ್ದಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಸೀಮೆಯ ಗಿರಣಿಗಳು ಬಾಗಿಲು ಹಾಕಿದವು, ಕೂಲಿಗಳು ಗಂಜಿಕೇಂದ್ರಗಳ ಮುಂದೆ ಸಾಲು ನಿಂತರು. ಆಗ ಗಿರಣಿಮಾಲೀಕರ ಕಣ್ಣು ಬಿದ್ದದ್ದು ಧಾರವಾಡದ ಎರೆಭೂಮಿಯ ಮೇಲೆ. ಅಮೆರಿಕದಿಂದ ತಂದ ಬೀಜದ ಹತ್ತಿಯನ್ನು ಅಲ್ಲಿ 1840ರ ದಶಕದಿಂದಲೇ ಬೆಳೆಸುತ್ತಿದ್ದರು. ಮಾರುಕಟ್ಟೆಯಲ್ಲಿ ಅದಕ್ಕೆ ‘ಧಾರವಾಡ್ ಅಮೆರಿಕನ್’ ಎಂದೇ ಹೆಸರು. ಈ ಹತ್ತಿಯನ್ನು ಘಟ್ಟ ಇಳಿಸಿ ಹಡಗು ಹತ್ತಿಸಲು ಕಾರವಾರದಲ್ಲಿ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ಆ ಜಿಲ್ಲೆ 1956ರವರೆಗೂ ಮುಂಬಯಿಯಲ್ಲೇ ಉಳಿಯಿತು. ಕಿಂಡರ್ ಏರಿದವರ ಕೈಬೆರಳಲ್ಲಿ ನಮ್ಮ ಎರೆಹೊಲದ ಎಳೆಯೂ ಓಡಿರಬೇಕು.

ಗುಡ್ಡದ ಮೇಲೆ ನಡೆಯುವ ಹಕ್ಕಿಗಾಗಿ ಮೊದಲು ಪ್ರಯತ್ನಿಸಿದವರು ಸಭ್ಯರೇ. ಜೇಮ್ಸ್ ಬ್ರೈಸ್ ಎಂಬ ಪಾರ್ಲಿಮೆಂಟ್ ಸದಸ್ಯ 1884ರಲ್ಲಿ ಸ್ಕಾಟ್ಲೆಂಡಿನ ಪರ್ವತಗಳಲ್ಲಿ ಜನರಿಗೆ ಪ್ರವೇಶ ಕೊಡುವ ಮಸೂದೆ ತಂದ. ಅದು ಬಿತ್ತು. ಮತ್ತೆ ಮತ್ತೆ ತಂದರೂ ಮತ್ತೆ ಮತ್ತೆ ಬಿತ್ತು. ಪಾರ್ಲಿಮೆಂಟಿನಲ್ಲಿ ಕುಳಿತವರಲ್ಲಿ ಬೇಟೆಗುಡ್ಡಗಳ ಒಡೆಯರೇ ಸಾಕಷ್ಟಿದ್ದಾಗ ಬೇರೇನಾದೀತು! ಕಿಂಡರ್ ಸೀಮೆಯಲ್ಲಿ ಕಾಲುದಾರಿ ಸಂಘದವರು ಪಟ್ಟುಹಿಡಿದು ಮಾತುಕತೆ ನಡೆಸಿ, 1897ರಲ್ಲಿ ಹೇಫೀಲ್ಡ್‌ನಿಂದ ವಿಲಿಯಂ ಕ್ಲಫ್ ಹಾದು ಗುಡ್ಡದಾಚೆಯ ಸ್ನೇಕ್ ಇನ್ ಎಂಬ ಛತ್ರದವರೆಗೆ ಒಂದು ದಾರಿ ತೆರೆಸಿದರು. ದಾರಿ ಸಿಕ್ಕಿತು, ಆದರೆ ದಾರಿ ಮಾತ್ರ. ಕಣಿವೆಯಲ್ಲಿ ನಡೆಯಬಹುದು, ಬಲಕ್ಕೆ ತಿರುಗಿ ಜಲಪಾತದ ತಲೆಗೆ ಹೋಗುವಂತಿಲ್ಲ. ಷೆಫೀಲ್ಡ್‌ನಲ್ಲಿ ಜಿ.ಎಚ್.ಬಿ. ವಾರ್ಡ್ ಎಂಬಾತ 1900ರಲ್ಲಿ ದುಡಿಮೆಗಾರರ ನಡಿಗೆಯ ಕೂಟವೊಂದನ್ನು ಕಟ್ಟಿದ. ಅದರ ಮೊದಲ ನಡಿಗೆ ಕಿಂಡರ್ ಗುಡ್ಡವನ್ನು ಸುತ್ತಿ ಬರುವುದು. ಹತ್ತುವುದಲ್ಲ, ಸುತ್ತುವುದು. ದೇವಸ್ಥಾನದ ಒಳಗೆ ಬಿಡದಿದ್ದರೆ ಹೊರಗೆ ಪ್ರದಕ್ಷಿಣೆ ಹಾಕಿದಂತೆ. ಮೂವತ್ತರ ದಶಕದಲ್ಲಿ ನಡಿಗೆಯ ಸಂಘದವರು ಲೆಕ್ಕ ಹಾಕಿ ನೋಡಿದಾಗ ಈ ಸೀಮೆಯ ಮೂರ್‌ಗಳಲ್ಲಿ ಜನ ಮನಸ್ಸುಬಂದಂತೆ ಓಡಾಡಬಹುದಾದ ಭಾಗ ಶೇಕಡಾ ಒಂದಕ್ಕೂ ಕಡಿಮೆಯಿತ್ತು.

1932 ಬಂತು. ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷದ ಹತ್ತಿರ. ಗಿರಣಿಗಳು ಕುಂಟುತ್ತಿದ್ದವು. ಹಿಂದಿನ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಇದೇ ಲಂಕಾಷೈರ್ ಪ್ರಾಂತದ ಗಿರಣಿ ಊರುಗಳಿಗೆ ಹೋಗಿ, ಸ್ವದೇಶಿ ಚಳವಳಿಯಿಂದಲೂ ಕೆಲಸ ಕಳೆದುಕೊಂಡಿದ್ದ ಕೂಲಿಗಳ ನಡುವೆ ನಿಂತಿದ್ದರು. ಬೈಗುಳ ನಿರೀಕ್ಷಿಸಿದ್ದವರಿಗೆ ಅಲ್ಲಿ ಕೇಳಿಸಿದ್ದು ಜಯಕಾರ. ಕೆಲಸವಿಲ್ಲದವರಿಗೆ ವಾರದ ಏಳು ದಿನವೂ ಭಾನುವಾರವೇ. ಕಾಸಿಲ್ಲದವರ ಮನರಂಜನೆ ನಡಿಗೆಯೊಂದೇ. ಆ ವರ್ಷ ಈಸ್ಟರ್ ರಜೆಯಲ್ಲಿ ಕಾರ್ಮಿಕರ ಕ್ರೀಡಾ ಒಕ್ಕೂಟವೊಂದರ ಹುಡುಗರು ಶಿಬಿರ ಹಾಕಿ ಪಕ್ಕದ ಬ್ಲೀಕ್‌ಲೋ ಗುಡ್ಡಕ್ಕೆ ಹೊರಟರು. ಕಾವಲುಗಾರರು ತಡೆದು ಹಿಂದಕ್ಕೆ ಅಟ್ಟಿದರು. ಆರು ಜನ ಹೋದರೆ ಅಟ್ಟುತ್ತಾರೆ, ನಾನೂರು ಜನ ಹೋದರೆ ಏನು ಮಾಡುತ್ತಾರೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಒಕ್ಕೂಟದ ಕಾರ್ಯದರ್ಶಿ ಬೆನ್ನಿ ರಾಥ್‌ಮನ್. ರುಮೇನಿಯದಿಂದ ಬಂದ ಯಹೂದಿ ಮನೆತನದ ಹುಡುಗ, ಕೆಲಸ ಕಳೆದುಕೊಂಡಿದ್ದ ಮೋಟಾರು ಮೆಕ್ಯಾನಿಕ್, ಕಮ್ಯುನಿಸ್ಟ್ ಯುವಕರ ಸಂಘದ ಸದಸ್ಯ. ವಯಸ್ಸು ಇಪ್ಪತ್ತು.

ಗುಟ್ಟು ಮಾಡಲಿಲ್ಲ. ಏಪ್ರಿಲ್ 24ರ ಭಾನುವಾರ ಕಿಂಡರ್ ಏರುತ್ತೇವೆಂದು ಪತ್ರಿಕೆಯವರಿಗೇ ಹೇಳಿ ಸುದ್ದಿ ಮಾಡಿಸಿದರು. ಪೊಲೀಸರು ರೈಲಿನಲ್ಲಿ ಬರುವ ರಾಥ್‌ಮನ್‌ನನ್ನು ತಡೆಯಲು ಕಾದರು; ಅವನು ಸೈಕಲ್ಲು ತುಳಿದುಕೊಂಡು ಬಂದ. ಹೇಫೀಲ್ಡ್‌ನ ಆಟದ ಬಯಲಿನಲ್ಲಿ ಸಭೆ ಮಾಡಬಾರದೆಂಬ ನಿಯಮವಿತ್ತು. ಜನ ಬೌಡನ್ ಬ್ರಿಜ್‌ನ ಕಲ್ಲುಗಣಿಗೆ ಸರಿದರು. ಭಾಷಣಕ್ಕೆ ಒಪ್ಪಿದ್ದವನು ಇಷ್ಟು ಜನರನ್ನು ಕಂಡು ಹಿಂಜರಿದದ್ದರಿಂದ ರಾಥ್‌ಮನ್ನನೇ ಬಂಡೆಯ ಮೇಲೆ ಹತ್ತಿ ಮಾತಾಡಿದ. ಸುಮಾರು ನಾನೂರು ಹುಡುಗ ಹುಡುಗಿಯರು ಹಾಡು ಹೇಳುತ್ತಾ ಜಲಾಶಯ ದಾಟಿ ವಿಲಿಯಂ ಕ್ಲಫ್ ಹಿಡಿದರು. ಅಲ್ಲಿಯವರೆಗೆ ಎಲ್ಲವೂ ಕಾನೂನುಬದ್ಧ. ನಡುದಾರಿಯಲ್ಲಿ ಸೀಟಿ ಊದಿದೊಡನೆ ಎಲ್ಲರೂ ಬಲಕ್ಕೆ ತಿರುಗಿ ಇಳಿಜಾರನ್ನು ಏರತೊಡಗಿದರು. ಮೇಲೆ ಇಪ್ಪತ್ತು ಮೂವತ್ತು ಮಂದಿ ಕಾವಲುಗಾರರು ದೊಣ್ಣೆ ಹಿಡಿದು ನಿಂತಿದ್ದರು. ಅಲ್ಲಲ್ಲಿ ಕೈಕೈ ಮಿಲಾಯಿಸಿತು. ಒಬ್ಬ ಕಾವಲುಗಾರನ ಕಾಲಿಗೆ ಪೆಟ್ಟಾಯಿತು. ಮೇಲೇರಿದವರು ಗುಡ್ಡದಾಚೆಯಿಂದ ಬಂದ ಷೆಫೀಲ್ಡ್ ಗುಂಪನ್ನು ಕೂಡಿಕೊಂಡು ಸಂಭ್ರಮಪಟ್ಟು, ತಲೆಯೆತ್ತಿಕೊಂಡು ಹೇಫೀಲ್ಡ್‌ಗೆ ಮರಳಿದರು. ಅಲ್ಲಿ ಪೊಲೀಸರು ಕಾದಿದ್ದರು. ಒಟ್ಟು ಆರು ಜನರ ಬಂಧನವಾಯಿತು.

ಸೋಜಿಗದ ಮಾತೊಂದಿದೆ. ಆ ದಿನ ಅವರು ಗುಡ್ಡದ ನೆತ್ತಿಯನ್ನಾಗಲಿ ಜಲಪಾತವನ್ನಾಗಲಿ ಮುಟ್ಟಲೇ ಇಲ್ಲ. ಕಾಲುದಾರಿಯಿಂದ ಅಷ್ಟು ದೂರ ಆಚೆ ಹೋಗಿ, ಗುಡ್ಡದ ಹೆಗಲಿನ ಮೇಲೆ ನಿಂತು ಹಿಂದಿರುಗಿದರು, ಅಷ್ಟೆ.

ಇಂಗ್ಲೆಂಡಿನ ಕಾನೂನಿನಲ್ಲಿ ಇನ್ನೊಬ್ಬರ ನೆಲಕ್ಕೆ ಕಾಲಿಡುವುದು ಅಪರಾಧವೇ ಆಗಿರಲಿಲ್ಲ. ಅದೊಂದು ಸಿವಿಲ್ ತಕರಾರು. ಮಾಲೀಕ ದಾವೆ ಹೂಡಿ ನಷ್ಟ ಕೇಳಬಹುದು. ‘ಅತಿಕ್ರಮ ಪ್ರವೇಶ ಮಾಡಿದವರನ್ನು ಶಿಕ್ಷಿಸಲಾಗುವುದು’ ಎಂದು ಬೇಲಿಗೆ ತೂಗುಹಾಕಿದ ಹಲಗೆಗಳನ್ನು ತಿಳಿದವರು ‘ಮರದ ಸುಳ್ಳು’ ಎಂದು ಗೇಲಿ ಮಾಡುತ್ತಿದ್ದರು. ಆದ್ದರಿಂದಲೇ ಆರು ಜನರ ಮೇಲೆ ಹೊರಿಸಿದ್ದು ಅಕ್ರಮ ಪ್ರವೇಶದ ಆರೋಪವಲ್ಲ. ಗಲಭೆ, ಹಲ್ಲೆಯ ಆರೋಪ. ಜುಲೈ ತಿಂಗಳಲ್ಲಿ ಡರ್ಬಿ ನಗರದಲ್ಲಿ ವಿಚಾರಣೆ ನಡೆಯಿತು. ಜ್ಯೂರಿಯಲ್ಲಿ ಕೂತವರು ಸೈನ್ಯದ ಹಿರಿಯ ಅಧಿಕಾರಿಗಳು, ಹಳ್ಳಿಗಾಡಿನ ಜಮೀನುದಾರರು. ಕಟಕಟೆಯಲ್ಲಿ ನಿಂತವರು ಇಪ್ಪತ್ತರ ಆಸುಪಾಸಿನ ನಗರದ ಹುಡುಗರು. ರಾಥ್‌ಮನ್ ತನ್ನ ವಾದವನ್ನು ತಾನೇ ಮಂಡಿಸಿದ. ಒಬ್ಬನ ಬಿಡುಗಡೆಯಾಯಿತು, ಉಳಿದ ಐವರಿಗೆ ಎರಡರಿಂದ ಆರು ತಿಂಗಳ ಸಜೆ. ರಾಥ್‌ಮನ್‌ಗೆ ನಾಲ್ಕು ತಿಂಗಳು. ಅದೇ ದಿನಗಳಲ್ಲಿ ನಮ್ಮ ಶಿರಸಿ, ಸಿದ್ದಾಪುರ, ಅಂಕೋಲೆಗಳ ರೈತರು ಕರನಿರಾಕರಣೆ ಮಾಡಿ ಮನೆಮಾರು ಕಳೆದುಕೊಳ್ಳುತ್ತಿದ್ದರು ಎಂಬುದನ್ನು ನೆನೆದರೆ ನಾಲ್ಕು ತಿಂಗಳು ಸಣ್ಣದೆನ್ನಿಸೀತು. ಆದರೆ ತನ್ನ ದೇಶದ ಗುಡ್ಡವನ್ನು ಹತ್ತಿದ್ದಕ್ಕೆ ಇಂಗ್ಲಿಷನೊಬ್ಬ ಜೈಲಿಗೆ ಹೋದ ಎಂಬ ಸುದ್ದಿ ಅಲ್ಲಿಯ ಮಧ್ಯಮ ವರ್ಗದವರನ್ನೂ ಚುಚ್ಚಿತು. ಅತಿಕ್ರಮವನ್ನು ಬಲವಾಗಿ ವಿರೋಧಿಸಿದ್ದ ನಡಿಗೆ ಸಂಘಗಳೇ ತೀರ್ಪನ್ನು ಕಟುವೆಂದವು. ಆ ಬೇಸಿಗೆಯಲ್ಲಿ ಸಮೀಪದ ವಿನಾಟ್ಸ್ ಕಣಿವೆಯ ಸಭೆಗೆ ಹತ್ತು ಸಾವಿರ ಜನ ಸೇರಿದರೆಂದು ಹೇಳುತ್ತಾರೆ. ಅತಿಕ್ರಮದ ಪ್ರಚಾರ ನೋಡಿಕೊಂಡಿದ್ದ ಹುಡುಗನೊಬ್ಬ ಅದರ ಮೇಲೆ ‘ಮ್ಯಾಂಚೆಸ್ಟರ್ ರಾಂಬ್ಲರ್’ ಎಂಬ ಹಾಡು ಕಟ್ಟಿದ. ಮುಂದೆ ಇವಾನ್ ಮೆಕೋಲ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ದೊಡ್ಡ ಜನಪದ ಗಾಯಕನೆನಿಸಿದವನು ಅವನೇ.

ಈ ಒಂದು ಭಾನುವಾರದಿಂದಲೇ ಗುಡ್ಡ ತೆರೆಯಿತೆಂದು ಹೇಳುವುದು ಈಗ ವಾಡಿಕೆಯಾಗಿದೆ. ಚರಿತ್ರೆ ಅಷ್ಟು ಸರಳವಲ್ಲ. 1939ರಲ್ಲಿ ಪಾರ್ಲಿಮೆಂಟು ಪರ್ವತ ಪ್ರವೇಶದ ಕಾಯ್ದೆಯೊಂದನ್ನು ಮಾಡಿತಾದರೂ, ಭೂಮಾಲೀಕರು ಅದನ್ನು ತಿದ್ದಿ ತಿರುಚಿ, ಕೆಲವು ಸಂದರ್ಭಗಳಲ್ಲಿ ಅತಿಕ್ರಮ ಪ್ರವೇಶವನ್ನೇ ಅಪರಾಧವಾಗಿಸುವಂತೆ ಮಾಡಿಬಿಟ್ಟರು. ಹಿಡಿಯಲು ಹೋದದ್ದು ಹಾವಾಗಿ ಕಚ್ಚಿತು. ಫಲ ಬಂದದ್ದು ಯುದ್ಧ ಮುಗಿದ ಮೇಲೆ. ಯುದ್ಧ ಗೆದ್ದ ಸೈನಿಕರಿಗೆ ನಾಡಿನ ಚೆಲುವಿನಲ್ಲಿ ಪಾಲು ಕೊಡಬೇಕೆಂಬ ಭಾವನೆ ಹಬ್ಬಿತ್ತು. ಜಾನ್ ಡೋವರ್ 1945ರಲ್ಲಿ ಕೊಟ್ಟ ವರದಿಯ ಬೆನ್ನಲ್ಲೇ ಇನ್ನೊಂದು ಸಮಿತಿ ಕೂತು, 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. ಮ್ಯಾಂಚೆಸ್ಟರ್ ಮತ್ತು ಷೆಫೀಲ್ಡ್ ನಡುವಿನ ಪೀಕ್ ಸೀಮೆ 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಕಿಂಡರ್ ಅದರ ಒಳಗೇ ಇದೆ. ನಮ್ಮ ರಾಷ್ಟ್ರೀಯ ಉದ್ಯಾನಗಳಂತೆ ಜನರನ್ನು ಹೊರಗಿಟ್ಟ ಕಾಡಲ್ಲ ಅದು. ಹಳ್ಳಿ, ಹೊಲ, ಕುರಿ, ಖಾಸಗಿ ಒಡೆತನ ಎಲ್ಲವೂ ಅದರೊಳಗೆ ಇವೆ. ಅದೇ ಕಾಯ್ದೆ ಪ್ರತಿ ಜಿಲ್ಲೆಯೂ ತನ್ನ ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ದಾಖಲಿಸಬೇಕೆಂದಿತು. ಗದ್ದಲವಿಲ್ಲದೆ ನಡೆದ ಈ ನಕಾಶೆಯ ಕೆಲಸವೇ ಇಡೀ ಕಾಯ್ದೆಯ ಜೀವಾಳವೆಂದು ನನಗೆ ತೋರುತ್ತದೆ. ದಾಖಲಾದ ದಾರಿಯನ್ನು ಯಾವ ಜಮೀನುದಾರನೂ ಒಂದು ರಾತ್ರಿಯಲ್ಲಿ ಉತ್ತು ಅಳಿಸಲಾರ. 1950ರ ದಶಕದಲ್ಲಿ ಮಾಲೀಕರೊಡನೆ ಒಪ್ಪಂದಗಳಾಗಿ ಕಿಂಡರ್‌ನ ಜಲಪಾತದ ಅಂಚು ಜನರಿಗೆ ತೆರೆಯಿತು.

ಟಾಮ್ ಸ್ಟೀಫನ್ಸನ್ ಎಂಬ ಪತ್ರಕರ್ತ 1935ರಲ್ಲಿ ಒಂದು ಲೇಖನ ಬರೆದು, ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಪೆನೈನ್ ಗುಡ್ಡಸಾಲಿನ ಮೇಲೆ ಉದ್ದಕ್ಕೂ ಒಂದು ಕಾಲುದಾರಿ ಬೇಕೆಂದು ಕೇಳಿದ್ದ. ಮೂವತ್ತು ವರ್ಷ ಪಟ್ಟುಹಿಡಿದು, ತುಂಡು ತುಂಡಾಗಿ ಹಕ್ಕು ಪಡೆದು ಅದನ್ನು ಆಗಮಾಡಿಸಿದ. ಕಿಂಡರ್ ಮಗ್ಗುಲಿನ ಈಡೇಲ್ ಹಳ್ಳಿಯಿಂದ ಹೊರಟು, ಡೌನ್‌ಫಾಲ್ ಜಲಪಾತದ ತಲೆಯ ಮೇಲೆ ಹಾದು, 268 ಮೈಲು ನಡೆದು ಸ್ಕಾಟ್ಲೆಂಡ್ ಮುಟ್ಟುವ ಪೆನೈನ್ ವೇ ಎಂಬ ಆ ದಾರಿ ಉದ್ಘಾಟನೆಯಾದದ್ದು 1965ರಲ್ಲಿ, ಅದೂ ಏಪ್ರಿಲ್ 24ರಂದು. ತಾರೀಖು ಹೀಗೆ ಕೂಡಿಬಂದರೂ ಸ್ಟೀಫನ್ಸನ್‌ಗೆ ರಾಥ್‌ಮನ್ ತಂಡದ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಅತಿಕ್ರಮದಿಂದ ಕಾಯ್ದೆಗೆ ಒಳ್ಳೆಯದಾಗಲಿಲ್ಲವೆಂದೇ ಅವನು ಕೊನೆಯವರೆಗೂ ವಾದಿಸಿದ. ಸಮಿತಿಗಳಲ್ಲಿ ಕೂತು ಬೆನ್ನು ಬಗ್ಗಿಸಿ ದುಡಿದವನಿಗೆ ಒಂದೇ ದಿನದಲ್ಲಿ ಹೆಸರು ಗಳಿಸಿದವರನ್ನು ಕಂಡರೆ ಹಾಗನ್ನಿಸುವುದು ಸಹಜ. ಆದರೆ 1884ರಿಂದ ಬಿದ್ದ ಮಸೂದೆಗಳನ್ನು ಎಣಿಸಿದರೆ, ಬರೀ ಅರ್ಜಿಯಿಂದ ಗುಡ್ಡ ತೆರೆಯುತ್ತಿತ್ತೆಂದು ನಂಬುವುದೂ ಕಷ್ಟ.

1982ರಲ್ಲಿ ನ್ಯಾಷನಲ್ ಟ್ರಸ್ಟ್ ಕಿಂಡರ್ ಗುಡ್ಡವನ್ನು ಕೊಂಡುಕೊಂಡಿತು. ಅದೇ ವರ್ಷ ಕಲ್ಲುಗಣಿಯ ಬಂಡೆಯಲ್ಲಿ ಒಂದು ಫಲಕ ಹಾಕಿದರು. ಅನಾವರಣ ಮಾಡಿದವನು ಎಪ್ಪತ್ತು ದಾಟಿದ್ದ ರಾಥ್‌ಮನ್. 2000ದ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪರ್ವತ, ಮೂರ್, ಗೋಮಾಳಗಳಲ್ಲಿ ದಾರಿಯ ಹಂಗಿಲ್ಲದೆ ಕಾಲ್ನಡಿಗೆಯಲ್ಲಿ ಅಲೆಯುವ ಹಕ್ಕು ಕೊಟ್ಟಿತು. ಜಾರಿಗೆ ಬಂದದ್ದು 2004 ಮತ್ತು 2005ರಲ್ಲಿ. ರಾಥ್‌ಮನ್ 2002ರ ಜನವರಿಯಲ್ಲಿ ತೀರಿಕೊಂಡ. ಆ ಏಪ್ರಿಲ್‌ನಲ್ಲಿ, ಅತಿಕ್ರಮದ ಎಪ್ಪತ್ತನೆಯ ವರ್ಷದ ಸಭೆಗೆ ಡೆವನ್‌ಷೈರ್‌ನ ಹನ್ನೊಂದನೆಯ ಡ್ಯೂಕ್ ಬಂದು, ತನ್ನ ಅಜ್ಜನ ಕಾಲದಲ್ಲಿ ಆದದ್ದು ದೊಡ್ಡ ತಪ್ಪೆಂದು ಎಲ್ಲರೆದುರು ಕ್ಷಮೆ ಕೇಳಿದ. ಹಕ್ಕು ಸಿಕ್ಕಿರುವ ನೆಲ ಇಂಗ್ಲೆಂಡಿನ ಶೇಕಡಾ 8ರಷ್ಟು ಮಾತ್ರ. ಹೊಳೆದಂಡೆ, ಕಾಡುಗಳಿಗೂ ಅದು ಬೇಕೆಂಬ ಚಳವಳಿ ಇನ್ನೂ ನಡೆದಿದೆ. ಸ್ಕಾಟ್ಲೆಂಡ್ 2003ರ ಕಾಯ್ದೆಯಲ್ಲಿ ಬಹುಪಾಲು ನೆಲವನ್ನೇ ತೆರೆದಿಟ್ಟಿತು.

ಗುಡ್ಡದ ಕಥೆ ಮಾತ್ರ ಇಲ್ಲಿಗೆ ನಿಲ್ಲುವುದಿಲ್ಲ. ಕಿಂಡರ್‌ನ ತಲೆ ಪೀಟ್ ಎಂಬ ಕಪ್ಪು ಮಣ್ಣಿನದು. ಸ್ಫಾಗ್ನಮ್ ಎಂಬ ನೀರುಪಾಚಿ ಸತ್ತು, ನೀರಿನಲ್ಲಿ ಪೂರ್ತಿ ಕೊಳೆಯಲಾರದೆ, ಸಾವಿರಾರು ವರ್ಷ ಪದರದ ಮೇಲೆ ಪದರ ಕೂತು ಆದ ಮಣ್ಣು. ಮ್ಯಾಂಚೆಸ್ಟರ್, ಷೆಫೀಲ್ಡ್‌ಗಳ ಚಿಮಣಿಗಳು ಒಂದೂವರೆ ಶತಮಾನ ಉಗುಳಿದ ಗಂಧಕದ ಹೊಗೆ ಮಳೆಯಲ್ಲಿ ಆಮ್ಲವಾಗಿ ಸುರಿದು ಆ ಪಾಚಿಯನ್ನು ಕೊಂದಿತು. ಹೊದಿಕೆ ಹೋದ ಮಣ್ಣು ಗಾಳಿಮಳೆಗೆ ಕೊಚ್ಚಿಹೋಯಿತು. ಕಷ್ಟಪಟ್ಟು ಹಕ್ಕು ಗಳಿಸಿದ ಜನರ ಬೂಟುಗಳೂ ಅದಕ್ಕೆ ಕೈಜೋಡಿಸಿದವು. ಪೆನೈನ್ ವೇ ಮೊದಲು ಪ್ರಸ್ಥಭೂಮಿಯ ನಡುವೆ ಹಾದಿದ್ದುದು ಕೆಸರು ಹೊಂಡವಾಗಿ, ದಾರಿಯನ್ನು ಪಶ್ಚಿಮದ ಅಂಚಿಗೆ ಸರಿಸಬೇಕಾಯಿತು. 2003ರಿಂದ ಈ ಸೀಮೆಯ ಬೋಳು ಮೂರ್‌ಗಳಿಗೆ ಸುಣ್ಣ ಹಾಕಿ, ಹುಲ್ಲು ಬಿತ್ತಿ, ಕೊರಕಲುಗಳಿಗೆ ಕಲ್ಲಿನ ಒಡ್ಡು ಕಟ್ಟಿ, ಪಾಚಿಯನ್ನು ಮತ್ತೆ ನೆಡುವ ಕೆಲಸ ಸಾಗಿದೆ. 2009ರಲ್ಲಿ ಕಿಂಡರ್ ರಾಷ್ಟ್ರೀಯ ನಿಸರ್ಗಧಾಮವೂ ಆಯಿತು.

ಪೆನೈನ್ ವೇ ಹಾಯುವ ಜವುಗಿನಲ್ಲಿ ಕಾಲು ಹೂಳದಂತೆ, ಮಣ್ಣೂ ಕದಡದಂತೆ ಈಗ ಅಲ್ಲಲ್ಲಿ ಕಲ್ಲು ಚಪ್ಪಡಿಗಳನ್ನು ಹಾಸಿದ್ದಾರೆ. ಹೆಲಿಕಾಪ್ಟರಿನಲ್ಲಿ ತಂದಿಳಿಸಿದ ಈ ಚಪ್ಪಡಿಗಳಲ್ಲಿ ಬಹಳಷ್ಟು, ಮುಚ್ಚಿಹೋದ ಹಳೆಯ ಗಿರಣಿಗಳನ್ನು ಕೆಡವಿದಾಗ ನೆಲದಿಂದ ಎತ್ತಿದವು. ಬಗ್ಗಿ ನೋಡಿದರೆ ಕೆಲವು ಕಲ್ಲುಗಳಲ್ಲಿ ಯಂತ್ರಗಳನ್ನು ಬಿಗಿದಿದ್ದ ಬೋಲ್ಟಿನ ತೂತುಗಳು ಕಾಣುತ್ತವೆ. ಮಳೆ ಬಿದ್ದಾಗ ಅವುಗಳಲ್ಲಿ ನೀರು ನಿಲ್ಲುತ್ತದೆ.